ತಕ್ಕಡಿಗೆ ಸಿಗದ ಕಾಫಿ ಬೀಜ

ಬಾಬಾಬುಡನ್ ಅವರು ಯೆಮನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬ ಕಥೆ ಮಲೆನಾಡಿನಲ್ಲಿ ಮಕ್ಕಳಿಗೂ ಗೊತ್ತು. 17ನೇ ಶತಮಾನದ್ದೆಂದು ಹೇಳಲಾಗುವ ಈ ಪ್ರಸಂಗದಲ್ಲಿ ಇತಿಹಾಸವೆಷ್ಟು, ಐತಿಹ್ಯವೆಷ್ಟು ಎಂಬುದು ಬೇರೆ ಮಾತು. ಬೀಜ ಏಳೇ ಏಕೆ, ಆರೇಕಲ್ಲ ಎಂದು ಕೇಳಿದವರುಂಟು. ಆದರೆ ಆ ಏಳು ಬೀಜಗಳು ಒಟ್ಟು ಎಷ್ಟು ತೂಗಿರಬಹುದು ಎಂದು ಕೇಳಿದವರು ಕಡಿಮೆ.

ಅಕ್ಕಸಾಲಿಗರ ತಕ್ಕಡಿಯಲ್ಲಿ ಏಳು ಒಣ ಕಾಫಿ ಬೀಜಗಳನ್ನು ಇಟ್ಟರೆ ಮುಳ್ಳು ಒಂದು ಗ್ರಾಂ ಆಸುಪಾಸಿನಲ್ಲಿ ನಿಲ್ಲುತ್ತದೆ. ಬಿತ್ತನೆ ಬೀಜವಾದ್ದರಿಂದ ಮೇಲಿನ ತೆಳು ಸಿಪ್ಪೆಯನ್ನೂ ಸೇರಿಸಿದರೆ ತುಸು ಹೆಚ್ಚಾದೀತು. ಕಥೆಯನ್ನು ನಂಬುವುದಾದರೆ, ಇಂದು ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ ಕಾಫಿ ಬೆಳೆಯುವ, ಅದರಲ್ಲಿ ಶೇಕಡ 70ರಷ್ಟನ್ನು ಕರ್ನಾಟಕದಲ್ಲೇ ಬೆಳೆಯುವ ಒಂದು ದೇಶದ ಕಾಫಿ ಚರಿತ್ರೆ ಶುರುವಾದದ್ದು ಒಂದು ಗ್ರಾಂ ತೂಕದಿಂದ.

‘ಆಸುಪಾಸು’ ಎನ್ನುವುದಕ್ಕೆ ಕಾರಣವಿದೆ. ಒಂದು ಕಾಫಿ ಬೀಜದ ತೂಕ ಇಷ್ಟೇ ಎಂದು ಯಾರೂ ಹೇಳಲಾರರು. ಒಂದೇ ತೋಟದ, ಒಂದೇ ಗಿಡದ, ಒಂದೇ ರೆಕ್ಕೆಯ ಎರಡು ಹಣ್ಣುಗಳಿಂದ ತೆಗೆದ ಬೀಜಗಳು ಒಂದರಂತೆ ಒಂದು ತೂಗುವುದಿಲ್ಲ. ಒಂದೇ ಬೀಜ ಕೊಯ್ಲಿನ ದಿನ ಒಂದು ತೂಕ, ಕಣದಿಂದ ಎತ್ತಿದ ದಿನ ಇನ್ನೊಂದು ತೂಕ, ಹುರಿದ ಮೇಲೆ ಮತ್ತೊಂದು ತೂಕ. ಆದರೂ ಕಾಫಿಯ ವ್ಯಾಪಾರ ನಡೆಯುವುದು ತೂಕದ ಮೇಲೆಯೇ. ಈ ಏರುಪೇರಿನ ನಷ್ಟವನ್ನು ಯಾರು ಹೊರಬೇಕು ಎಂಬ ಪ್ರಶ್ನೆಯೂ ಕಾಫಿ ಚರಿತ್ರೆಯ ಒಂದು ಭಾಗವಾಗಿದೆ.

ಅರವತ್ತು ಬೀಜದ ಲೆಕ್ಕ

ಕಾಫಿಯನ್ನು ತೂಗದೆ ಎಣಿಸಿಯೇ ಕುಡಿದವರಲ್ಲಿ ಪ್ರಸಿದ್ಧನೆಂದರೆ ಜರ್ಮನ್ ಸಂಗೀತಗಾರ ಬೀಥೋವನ್. ಆತನ ಜೊತೆಗಿದ್ದು, ಅನಂತರ ಆತನ ಜೀವನಚರಿತ್ರೆ ಬರೆದ ಆಂಟನ್ ಷಿಂಡ್ಲರ್ ಹೇಳುವಂತೆ, ಒಂದು ಬಟ್ಟಲು ಕಾಫಿಗೆ ಅರವತ್ತು ಬೀಜ ಎಂಬುದು ಬೀಥೋವನ್‌ನ ಲೆಕ್ಕ. ಮನೆಗೆ ಅತಿಥಿಗಳು ಬಂದಾಗಲಂತೂ ಎಣಿಕೆ ತಪ್ಪದಂತೆ ನೋಡಿಕೊಳ್ಳುತ್ತಿದ್ದನಂತೆ.

ಇದನ್ನು ಹುಚ್ಚಾಟ ಎಂದು ನಕ್ಕವರಿದ್ದಾರೆ. ಆದರೆ ಲೆಕ್ಕ ಹಾಕಿದರೆ ಆತನೇನೂ ತಪ್ಪಿರಲಿಲ್ಲ. ಹುರಿದ ಅರೇಬಿಕಾ ಬೀಜವೊಂದು ಸರಾಸರಿ 0.13 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ ಅರವತ್ತು ಬೀಜಕ್ಕೆ ಎಂಟು ಗ್ರಾಂ ಸಮೀಪವಾಗುತ್ತದೆ. ಒಂದು ಲೋಟ ಹದವಾದ ಕಾಫಿಗೆ ಇವತ್ತಿಗೂ ಬಳಸುವ ಪುಡಿ ಹೆಚ್ಚುಕಡಿಮೆ ಅಷ್ಟೇ. ಒಂದೊಂದು ಬೀಜ ಹಗುರವೋ ಭಾರವೋ ಆಗಿದ್ದರೂ ಅರವತ್ತನ್ನು ಒಟ್ಟು ಹಿಡಿದಾಗ ಏರುಪೇರು ಬಹುಮಟ್ಟಿಗೆ ಸರಿದೂಗುತ್ತದೆ.

ಬೀಜಗಳನ್ನೇ ತೂಕದ ಕಲ್ಲಾಗಿ ಬಳಸುವುದು ನಮ್ಮವರಿಗೂ ಹೊಸದಲ್ಲ. ಚಿನಿವಾರರು ಶತಮಾನಗಳ ಕಾಲ ಚಿನ್ನ ತೂಗಿದ್ದು ಗುಲಗಂಜಿಯಿಂದ. ಒಂದು ಗುಲಗಂಜಿ ಸುಮಾರು 0.12 ಗ್ರಾಂ, ತೊಂಬತ್ತಾರು ಗುಲಗಂಜಿಗೆ ಒಂದು ತೊಲ. ಈ ಲೆಕ್ಕದಲ್ಲಿ ಬಾಬಾಬುಡನ್ ಅವರ ಏಳು ಬೀಜ ಎಂಟೊಂಬತ್ತು ಗುಲಗಂಜಿ ತೂಕಕ್ಕೆ ಸಮ. ಮೆಡಿಟರೇನಿಯನ್ ಸುತ್ತಿನ ದೇಶಗಳಲ್ಲಿ ಇದೇ ಕೆಲಸ ಮಾಡಿದ್ದು ಕ್ಯಾರಬ್ ಎಂಬ ಮರದ ಬೀಜ. ವಜ್ರ ತೂಗುವ ‘ಕ್ಯಾರಟ್’ ಎಂಬ ಮಾತು ಹುಟ್ಟಿದ್ದು ಅದರಿಂದಲೇ.

ಕ್ಯಾರಬ್ ಬೀಜಗಳೆಲ್ಲ ಒಂದೇ ತೂಕದವು, ಅದಕ್ಕೇ ಅವು ತೂಕದ ಕಲ್ಲಾದವು ಎಂದು ಬಹುಕಾಲ ನಂಬಲಾಗಿತ್ತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ತೂಗಿ ನೋಡಿದಾಗ ಆ ನಂಬಿಕೆ ಸುಳ್ಳಾಯಿತು. ಬೇರೆ ಗಿಡಮರಗಳ ಬೀಜದಷ್ಟೇ ಅವೂ ಹೆಚ್ಚುಕಡಿಮೆ ತೂಗುತ್ತವೆ. ಆದರೆ ನುರಿತ ಕಣ್ಣು ತೀರಾ ದೊಡ್ಡದನ್ನೂ ತೀರಾ ಚಿಕ್ಕದನ್ನೂ ಬಿಟ್ಟು ಒಂದೇ ಅಳತೆಯವನ್ನು ಆರಿಸಬಲ್ಲದು ಎಂಬುದೂ ಗೊತ್ತಾಯಿತು. ಅಂದರೆ ಸಮತೂಕ ಇದ್ದದ್ದು ಬೀಜದಲ್ಲಲ್ಲ, ಆರಿಸುವವರ ಕಣ್ಣಿನಲ್ಲಿ. ಈ ಮಾತು ಕಾಫಿಗೂ ಸಲ್ಲುತ್ತದೆ.

ಹೂಮಳೆ ಬರೆಯುವ ಹಣೆಬರಹ

ಕಾಫಿ ಬೀಜಕ್ಕೆ ತೂಕ ಬರುವುದು ಹೇಗೆ? ಮಲೆನಾಡಿನಲ್ಲೂ ಕೊಡಗಿನಲ್ಲೂ ಕಾಫಿ ಗಿಡ ಹೂವಿಗೆ ಕಾಯುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಒಂದು ಹದವಾದ ಮಳೆಗೆ. ಬೆಳೆಗಾರರ ಬಾಯಲ್ಲಿ ಇದು ‘ಹೂಮಳೆ’. ಮಳೆ ಬಿದ್ದು ಎಂಟು ಹತ್ತು ದಿನದಲ್ಲಿ ತೋಟಕ್ಕೆ ತೋಟವೇ ಮಲ್ಲಿಗೆಯಂತೆ ಬೆಳ್ಳಗಾಗುತ್ತದೆ. ಕಚ್ಚಿದ ಕಾಯಿ ನಿಲ್ಲಬೇಕಾದರೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು. ಇದಕ್ಕೆ ‘ಬ್ಯಾಕಿಂಗ್ ಮಳೆ’ ಎಂದು ಹೆಸರು. ಈ ಎರಡು ಮಳೆ ಕೈಕೊಟ್ಟ ವರ್ಷ, ಕಾಯಿ ಎಷ್ಟು ನಿಂತೀತು ಎಂಬುದೇ ಬೆಳೆಗಾರರ ಮೊದಲ ಚಿಂತೆ.

ನಿಂತ ಕಾಯಿ ಮೊದಲ ಕೆಲವು ವಾರ ಮೆಣಸಿನ ಕಾಳಿನಂತೆ ಸುಮ್ಮನಿರುತ್ತದೆ. ಆಮೇಲೆ ಅದು ಬೇಗ ಬೇಗ ಉಬ್ಬತೊಡಗುತ್ತದೆ. ಒಳಗೆ ಇನ್ನೂ ಬೀಜವಿರುವುದಿಲ್ಲ, ಬೀಜ ಕೂರಬೇಕಾದ ಎರಡು ಗೂಡುಗಳು ಮಾತ್ರ ಹಿಗ್ಗುತ್ತಿರುತ್ತವೆ. ಕೆಲವು ವಾರಗಳ ಬಳಿಕ ಆ ಗೂಡಿನ ಗೋಡೆ ಗಟ್ಟಿಯಾಗುತ್ತದೆ. ಮುಂದೆ ತಿಂಗಳುಗಟ್ಟಲೆ ಬೀಜ ಒಳಗೆ ತುಂಬಿಕೊಳ್ಳುತ್ತ ಹೋಗುತ್ತದೆ. ಆದರೆ ಗಟ್ಟಿಯಾದ ಗೂಡಿಗಿಂತ ದೊಡ್ಡದಾಗಿ ಬೆಳೆಯಲು ಅದಕ್ಕೆ ಸಾಧ್ಯವಿಲ್ಲ.

ಇದರ ಅರ್ಥವನ್ನು 1970ರ ದಶಕದಲ್ಲಿ ಕೆನ್ಯಾದಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟವರು ಎಂ.ಜಿ.ಆರ್. ಕ್ಯಾನೆಲ್ ಎಂಬ ಸಸ್ಯವಿಜ್ಞಾನಿ. ಗೂಡು ಹಿಗ್ಗುವ ಆ ಕೆಲವು ವಾರಗಳಲ್ಲಿ ಗಿಡಕ್ಕೆ ನೀರು ಸಿಕ್ಕರೆ ಬೀಜ ದಪ್ಪ, ಸಿಗದಿದ್ದರೆ ಸಣ್ಣ. ಆಮೇಲೆ ಎಷ್ಟು ಮಳೆ ಸುರಿದರೂ, ಎಷ್ಟು ಗೊಬ್ಬರ ಹಾಕಿದರೂ ಕಳೆದುಹೋದ ಗಾತ್ರ ಮರಳಿ ಬಾರದು. ನವೆಂಬರಿನಲ್ಲೋ ಡಿಸೆಂಬರಿನಲ್ಲೋ ತಕ್ಕಡಿಗೆ ಬೀಳುವ ತೂಕದ ಮೇಲ್ಮಿತಿ ಮಳೆಗಾಲದ ಆರಂಭಕ್ಕೇ ಬಹುಪಾಲು ನಿರ್ಧಾರವಾಗಿರುತ್ತದೆ.

ಗೂಡು ದೊಡ್ಡದಾದರೆ ಸಾಲದು, ಅದು ತುಂಬಬೇಕು. ಗಿಡ ಮೈಮೀರಿ ಕಾಯಿ ಹೊತ್ತ ವರ್ಷ ಎಲೆ ತಯಾರಿಸುವ ಆಹಾರ ಎಲ್ಲ ಕಾಯಿಗೂ ಸಾಕಾಗುವುದಿಲ್ಲ. ಆಗ ಬೀಜ ಜೊಳ್ಳಾಗುತ್ತದೆ. ಫಸಲು ಹೆಚ್ಚಿತೆಂದು ಹಿಗ್ಗಿದ ಬೆಳೆಗಾರ ಕೊನೆಗೆ ತೂಕದಲ್ಲಿ ಪೆಟ್ಟು ತಿನ್ನುವುದು ಹೀಗೆ. ಅತ್ತಿ, ಬಸರಿ, ಹಲಸು, ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ ಬೆಳೆದ ಗಿಡದಲ್ಲಿ ಕಾಯಿ ಒಂದಿಷ್ಟು ಕಡಿಮೆ ಬಿಟ್ಟರೂ ಬೀಜ ನಿಧಾನವಾಗಿ ಬಲಿತು ಗಟ್ಟಿಯಾಗುತ್ತದೆ. ಬೆಟ್ಟದ ಎತ್ತರದ ತಂಪು ಕೂಡ ಇದೇ ಕೆಲಸ ಮಾಡುತ್ತದೆ.

ಇನ್ನು ಕೀಟದ ಪಾಲು ಬೇರೆ. ಕಾಯಿ ಕೊರೆಯುವ ಹುಳು ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಅದು ಕೊಡಗಿಗೂ ಚಿಕ್ಕಮಗಳೂರಿಗೂ ಹಬ್ಬಿತು. ಎಳ್ಳಿಗಿಂತ ಚಿಕ್ಕದಾದ ಈ ಕರಿ ಹುಳು ಹಣ್ಣಿನ ತುದಿಯಲ್ಲಿ ಸೂಜಿಮೊನೆಯಷ್ಟು ತೂತು ಮಾಡಿ ಒಳಹೊಕ್ಕು ಬೀಜವನ್ನೇ ತಿನ್ನುತ್ತದೆ. ಹೊರಗೆ ಹಣ್ಣು ಕೆಂಪಗೆ ಚೆಂದವಾಗಿಯೇ ಕಂಡರೂ ಒಳಗೆ ಬೀಜದ ತೂಕ ಪುಡಿಯಾಗಿ ಹೋಗಿರುತ್ತದೆ.

ಒಂಟಿ ಬೀಜ, ದೈತ್ಯ ಬೀಜ

ಕಾಫಿ ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜಗಳು ಮುಖಕ್ಕೆ ಮುಖ ಕೊಟ್ಟು ಕೂತಿರುತ್ತವೆ. ಅದಕ್ಕೇ ಅವುಗಳ ಒಂದು ಬದಿ ಚಪ್ಪಟೆ. ಕೆಲವು ಹಣ್ಣುಗಳಲ್ಲಿ ಒಂದು ಬೀಜ ಮೊಳೆಯುವ ಮೊದಲೇ ಕಮರಿ, ಇನ್ನೊಂದಕ್ಕೆ ಜಾಗವೆಲ್ಲ ದಕ್ಕುತ್ತದೆ. ಅದು ಬಟಾಣಿಯಂತೆ ಉರುಟಾಗಿ ಬೆಳೆಯುತ್ತದೆ. ಪೇಟೆಯಲ್ಲಿ ‘ಪೀಬೆರಿ’ ಎಂದು ಮಾರುವುದು ಇದನ್ನೇ. ನೂರು ಹಣ್ಣಿನಲ್ಲಿ ಐದರಿಂದ ಹತ್ತು ಹೀಗಿರುವುದು ಸಾಮಾನ್ಯ. ಪೀಬೆರಿ ತನ್ನ ಜೊತೆಯ ಚಪ್ಪಟೆ ಬೀಜಕ್ಕಿಂತ ತುಸು ಭಾರವಾಗಿದ್ದರೂ ಎರಡು ಬೀಜದ ತೂಕವನ್ನು ತುಂಬಿಕೊಡಲಾರದು. ಕುಡಿಯುವವರು ಹೆಚ್ಚು ಹಣ ಕೊಟ್ಟು ಕೊಳ್ಳುವ ಪೀಬೆರಿ, ಹಣ್ಣಿನ ಲೆಕ್ಕದಲ್ಲಿ ಬೆಳೆಗಾರರಿಗೆ ಒಂದು ಸಣ್ಣ ನಷ್ಟವೇ.

ತಳಿಯಿಂದ ತಳಿಗೂ ತೂಕ ಬೇರೆ. ಸಂಶೋಧಕರು ಒಂದೊಂದು ಬೀಜವನ್ನು ತೂಗುವ ಗೋಜಿಗೆ ಹೋಗದೆ ನೂರು ಬೀಜಗಳನ್ನು ಎಣಿಸಿ ತೂಗುತ್ತಾರೆ. ಅರೇಬಿಕಾದ ನೂರು ಒಣ ಬೀಜ ಸಾಮಾನ್ಯವಾಗಿ 15ರಿಂದ 20 ಗ್ರಾಂ ಆಸುಪಾಸಿನಲ್ಲಿ ಬರುತ್ತದೆ. ಗುಂಡಗಿನ ರೊಬಸ್ಟಾ ಬೀಜ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ತೂಗುತ್ತದೆ. ಇನ್ನೊಂದು ತುದಿಯಲ್ಲಿರುವುದು ಬ್ರೆಜಿಲ್ ದೇಶದ ಬಹಿಯ ಪ್ರಾಂತ್ಯದ ಮರಗೋಜಿಪೆ ಎಂಬಲ್ಲಿ 1870ರಲ್ಲಿ ಕಂಡುಬಂದ ತಳಿ. ಊರಿನ ಹೆಸರನ್ನೇ ಹೊತ್ತ ಈ ತಳಿಯ ಬೀಜ ಎಷ್ಟು ದೊಡ್ಡದೆಂದರೆ ವ್ಯಾಪಾರಿಗಳು ಅದಕ್ಕೆ ‘ಆನೆ ಬೀಜ’ ಎಂದೇ ಹೆಸರಿಟ್ಟರು.

ಹಾಗೆಂದು ದೊಡ್ಡದೆಲ್ಲ ಒಳ್ಳೆಯದಲ್ಲ. ಮೋಕಾ ಬಂದರಿನಿಂದ ಜಗತ್ತಿಗೆ ಹೋದ ಯೆಮನ್ ಕಾಫಿಯ ಬೀಜ ಚಿಕ್ಕದು, ಅಂಕುಡೊಂಕು. ಆದರೂ ರುಚಿಗೆ ಹೆಸರಾದದ್ದು ಅದೇ.

ಬಾಳೆಹೊನ್ನೂರಿನ ಬಳಿ ಮೈಸೂರು ಸರ್ಕಾರ 1925ರಲ್ಲಿ ಆರಂಭಿಸಿದ ಕಾಫಿ ಪ್ರಯೋಗ ಕೇಂದ್ರ, ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಈ ಬೀಜದ ಸಮಸ್ಯೆಯನ್ನು ಹತ್ತಿರದಿಂದ ಕಂಡಿದೆ. 19ನೇ ಶತಮಾನದ ಕೊನೆಯ ಭಾಗದಲ್ಲಿ ಎಲೆ ತುಕ್ಕು ರೋಗ ತೋಟಗಳನ್ನು ಹಾಳುಗೆಡವಿದ ಮೇಲೆ ರೋಗ ತಡೆಯುವ ಗಿಡಕ್ಕಾಗಿ ಹುಡುಕಾಟ ನಡೆದಿತ್ತು. ಎಸ್. 288 ಎಂಬ ಆಯ್ಕೆ ತುಕ್ಕನ್ನು ತಡೆಯಬಲ್ಲದಾಗಿತ್ತು. ಆದರೆ ಅದರ ಬೀಜಗಳಲ್ಲಿ ವಿಕಾರವಾದವು ಹೆಚ್ಚು. ಆಗ ಅದನ್ನು ಒಳ್ಳೆಯ ಬೀಜಕ್ಕೆ ಹೆಸರಾಗಿದ್ದ ಕೆಂಟ್ಸ್ ತಳಿಯೊಂದಿಗೆ ಕೂಡಿಸಲಾಯಿತು. ಹೀಗೆ ಹುಟ್ಟಿ 1940ರ ದಶಕದಲ್ಲಿ ಬೆಳೆಗಾರರ ಕೈಸೇರಿದ ಎಸ್. 795 ಇವತ್ತಿಗೂ ಮಲೆನಾಡಿನ ತೋಟಗಳಲ್ಲಿ ಕಾಣುವ ಅರೇಬಿಕಾ. ರೋಗ ಗೆದ್ದರೂ ಬೀಜ ತುಂಬದ ಗಿಡ ಬೆಳೆಗಾರರಿಗೆ ಪೂರ್ತಿ ಪ್ರಯೋಜನವಿಲ್ಲ ಎಂಬ ಅರಿವು ಈ ತಳಿಯ ಹಿಂದಿದೆ.

ಕಣದಲ್ಲಿ ಕರಗುವ ತೂಕ

ಕೊಯ್ಲಿನ ಸಂಜೆ ತೋಟದ ಕಣದಲ್ಲಿ ತಕ್ಕಡಿ ಹೂಡುವುದು ಮಲೆನಾಡಿನ ಹಳೆಯ ನೋಟ. ಹಣ್ಣು ಕೊಯ್ದವರು ತಮ್ಮ ತಮ್ಮ ಚೀಲ ಹೊತ್ತು ಸಾಲಾಗಿ ನಿಲ್ಲುತ್ತಾರೆ, ರೈಟರ್ ಪುಸ್ತಕದಲ್ಲಿ ಕೆಜಿ ಬರೆದುಕೊಳ್ಳುತ್ತಾರೆ. ಕೂಲಿ ಕೆಜಿ ಲೆಕ್ಕದಲ್ಲಿದ್ದರೆ ಹಣ್ಣಿನ ತೂಕದಲ್ಲಿ ಕೊಯ್ಯುವವರ ಪಾಲೂ ಇದೆ. ಒಂದು ಹಣ್ಣು ಎರಡು ಗ್ರಾಂ ತೂಗಿದರೆ ಕೆಜಿಗೆ ಐನೂರು ಹಣ್ಣು ಸಾಕು. ಒಂದೂಕಾಲು ಗ್ರಾಂ ತೂಗಿದರೆ ಎಂಟುನೂರು ಬೇಕು. ಬರದ ವರ್ಷ ಅದೇ ಕೂಲಿಗೆ ಬೆರಳುಗಳು ಮುನ್ನೂರು ಹಣ್ಣನ್ನು ಹೆಚ್ಚು ಕೀಳಬೇಕು.

ಆ ಸಂಜೆ ತೂಗಿದ ತೂಕ ಮಾರುಕಟ್ಟೆಗೆ ಹೋಗುವ ತೂಕವಲ್ಲ. ಐದಾರು ಕೆಜಿ ಹಣ್ಣಿಗೆ ಒಂದು ಕೆಜಿ ಸಿದ್ಧ ಬೀಜ ಸಿಗುತ್ತದೆ. ತಿರುಳು ಸುಲಿದು, ತೊಳೆದು, ಸಿಪ್ಪೆ ಸಮೇತ ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಹಣ್ಣನ್ನು ಹಾಗೆಯೇ ಒಣಗಿಸಿದರೆ ಚೆರ್ರಿ. ಆಗಷ್ಟೇ ಸುಲಿದ ಬೀಜದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಬಿಸಿಲು ಅದನ್ನು ಹೀರಿದಂತೆ ಬೀಜದ ತೂಕ ದಿನದಿಂದ ದಿನಕ್ಕೆ ಇಳಿಯುತ್ತದೆ.

ಎಲ್ಲಿ ನಿಲ್ಲಿಸಬೇಕು? ಪಾರ್ಚ್‌ಮೆಂಟ್‌ಗೆ ಶೇಕಡ 10, ಅರೇಬಿಕಾ ಚೆರ್ರಿಗೆ 10.5, ರೊಬಸ್ಟಾ ಚೆರ್ರಿಗೆ 11ರ ತೇವಾಂಶ ಇರಬೇಕೆಂದು ಕಾಫಿ ಮಂಡಳಿ ಹೇಳುತ್ತದೆ. ತೇವಾಂಶ ಅಳೆಯುವ ಯಂತ್ರ ಇಲ್ಲದವರಿಗೂ ಒಂದು ಉಪಾಯ ಉಂಟು. ನಲವತ್ತು ಲೀಟರ್ ಹಿಡಿಯುವ ಒಂದು ಪಾತ್ರೆಯ ತುಂಬ ಕಾಫಿ ತುಂಬಿ ಸಂಜೆ ತೂಗುವುದು. ಮಾರನೆಯ ದಿನ ಒಣಗಿಸಿ ಮತ್ತೆ ತೂಗುವುದು. ಎರಡು ದಿನದ ತೂಕ ಒಂದೇ ಬಂದರೆ ಕಾಫಿ ಒಣಗಿತೆಂದು ಅರ್ಥ.

ಇಲ್ಲಿ ಬೆಳೆಗಾರ ಎರಡು ಕಡೆಯಿಂದಲೂ ಸಿಕ್ಕಿಬೀಳುತ್ತಾನೆ. ಬೇಗ ಎತ್ತಿದರೆ ತೂಕ ಹೆಚ್ಚು, ಆದರೆ ಬೂಷ್ಟು ಹಿಡಿಯುವ ಭಯ, ಕೊಳ್ಳುವವರು ಬೆಲೆ ಇಳಿಸುವ ಭಯ. ಹೆಚ್ಚು ಒಣಗಿಸಿದರೆ ಬೀಜ ಯಂತ್ರದಲ್ಲಿ ಒಡೆಯುತ್ತದೆ, ತೂಕವೂ ಹೋಗುತ್ತದೆ. ನೂರು ಕೆಜಿ ಕಾಫಿಯಲ್ಲಿ ಶೇಕಡ 2ರಷ್ಟು ತೇವ ಹೆಚ್ಚು ಆರಿದರೆ ಎರಡು ಕೆಜಿಯಷ್ಟು ತೂಕ ಗಾಳಿಗೆ ಹೋದಂತೆ. ಕೊಯ್ಲಿನ ಕಾಲದಲ್ಲಿ ಮೋಡ ಕವಿದು ಅಕಾಲ ಮಳೆ ಬಂದರೆ ಈ ಎಲ್ಲ ಲೆಕ್ಕ ತಲೆಕೆಳಗು.

ತಕ್ಕಡಿಗೆ ಬದಲು ಜರಡಿ

ಲಕ್ಷಾಂತರ ಬೀಜಗಳನ್ನು ಒಂದೊಂದಾಗಿ ತೂಗಿ ವಿಂಗಡಿಸುವುದು ಆಗದ ಮಾತು. ಕಾಫಿ ವ್ಯಾಪಾರ ಇದಕ್ಕೆ ಕಂಡುಕೊಂಡ ಪರಿಹಾರ ಜರಡಿ. ಒಂದು ಅಂಗುಲವನ್ನು 64 ಪಾಲು ಮಾಡಿ, ಜರಡಿಯ ತೂತು ಅಂಥ ಎಷ್ಟು ಪಾಲಿನಷ್ಟು ಅಗಲವೋ ಅದೇ ಜರಡಿಯ ನಂಬರು. 17ನೇ ನಂಬರಿನ ಜರಡಿ ಎಂದರೆ 64ರಲ್ಲಿ 17 ಪಾಲು, ಹೆಚ್ಚುಕಡಿಮೆ ಆರೂಮುಕ್ಕಾಲು ಮಿಲಿಮೀಟರ್. ಅದರ ಮೇಲೆ ನಿಂತ ತೊಳೆದ ಅರೇಬಿಕಾ ‘ಪ್ಲಾಂಟೇಷನ್ ಎ’. ಕೆಳಗೆ ಜಾರಿದ್ದು ಬಿ, ಸಿ ಎಂದು ಇಳಿಯುತ್ತ ಹೋಗುತ್ತದೆ. ಎಲ್ಲಕ್ಕಿಂತ ದಪ್ಪ ಬೀಜಗಳನ್ನು ಆರಿಸಿ ‘ಮೈಸೂರು ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್’ ಎಂಬ ಹೆಸರಿನಲ್ಲಿ ಮಾರಲಾಗುತ್ತದೆ. ಉರುಟು ಪೀಬೆರಿಗೆ ಉದ್ದ ಸೀಳಿನ ಜರಡಿಯೇ ಬೇರೆ.

ಪಕ್ಕದ ಕರಾವಳಿಯ ಗೋಡಂಬಿ ವ್ಯಾಪಾರ ಬೇರೆ ದಾರಿ ಹಿಡಿಯಿತು. ಅಂಗಡಿಯಲ್ಲಿ ಕಾಣುವ ‘ಡಬ್ಲ್ಯು 320’ ಎಂಬ ದರ್ಜೆಯ ಅರ್ಥ ಒಂದು ಪೌಂಡಿಗೆ ಸುಮಾರು 320 ಇಡೀ ಗೋಡಂಬಿ ತೂಗುತ್ತವೆ ಎಂದು. ಸಂಖ್ಯೆ ಇಳಿದಷ್ಟೂ ಗೋಡಂಬಿ ದಪ್ಪ, ಬೆಲೆಯೂ ಹೆಚ್ಚು. ಗೋಡಂಬಿಗೆ ಎಣಿಕೆ ಸಾಕಾಯಿತು, ಕಾಫಿಗೆ ಜರಡಿಯೇ ಬೇಕಾಯಿತು. ಕಾರಣ ಹುರಿಯುವ ಬಾಣಲೆಯಲ್ಲಿದೆ. ಸಣ್ಣದೂ ದೊಡ್ಡದೂ ಬೆರೆತರೆ ದೊಡ್ಡ ಬೀಜ ಹದವಾಗುವಷ್ಟರಲ್ಲಿ ಸಣ್ಣದು ಸೀದು ಹೋಗುತ್ತದೆ.

ಜರಡಿ ಅಗಲವನ್ನಷ್ಟೇ ನೋಡುತ್ತದೆ, ತೂಕವನ್ನಲ್ಲ. ದಪ್ಪಗಿದ್ದೂ ಒಳಗೆ ಜೊಳ್ಳಾದ ಬೀಜ ಜರಡಿಯನ್ನು ಸುಲಭವಾಗಿ ವಂಚಿಸುತ್ತದೆ. ಆದ್ದರಿಂದ ತೋಟದಲ್ಲಿ ಹಣ್ಣನ್ನು ನೀರಿಗೆ ಹಾಕಿ ತೇಲಿದ್ದನ್ನು ಬೇರೆ ತೆಗೆಯುತ್ತಾರೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಗಾಳಿ ಊದಿ ಹಗುರ ಬೀಜವನ್ನು ಹಾರಿಸುತ್ತಾರೆ. ಮೊರದಲ್ಲಿ ಅಕ್ಕಿ ಕೇರಿ ಜೊಳ್ಳು ಹಾರಿಸುವುದು ನಮ್ಮ ಮನೆಮನೆಯ ಕೆಲಸವಾಗಿತ್ತು. ಯಂತ್ರ ಮಾಡುವುದೂ ಅದನ್ನೇ. ಬಣ್ಣ ಗುರುತಿಸುವ ವಿದ್ಯುನ್ಮಾನ ಯಂತ್ರಗಳು ಬರುವ ಮೊದಲು ಕೊನೆಯ ತೀರ್ಪು ಕೊಡುತ್ತಿದ್ದವರು ಕ್ಯೂರಿಂಗ್ ವರ್ಕ್ಸ್‌ಗಳ ಉದ್ದನೆಯ ಹಾಲ್‌ಗಳಲ್ಲಿ ಸಾಲಾಗಿ ಕೂತ ಹೆಂಗಸರು. ಕಪ್ಪಾದದ್ದು, ಒಡೆದದ್ದು, ಹುಳು ತಿಂದದ್ದು ಅವರ ಬೆರಳಿಗೆ ಸಿಕ್ಕಿ ಪಕ್ಕಕ್ಕೆ ಬೀಳುತ್ತಿತ್ತು. ಕ್ಯಾರಬ್ ಬೀಜ ಆರಿಸಿದ ಕಣ್ಣಿಗೂ ಈ ಕಣ್ಣಿಗೂ ವ್ಯತ್ಯಾಸವಿಲ್ಲ.

ಹಡಗಿನಲ್ಲಿ ಉಬ್ಬಿದ ಬೀಜ

ಬೀಜ ದೊಡ್ಡದಾಗಿ ಕಂಡರೆ ಭಾರವಾಗಿದೆ ಎಂದಲ್ಲ ಎಂಬುದಕ್ಕೆ ನಮ್ಮ ಕರಾವಳಿಯೇ ಒಂದು ಸಾಕ್ಷಿ ಒದಗಿಸುತ್ತದೆ. ಹಾಯಿ ಹಡಗುಗಳ ಕಾಲದಲ್ಲಿ ಮಂಗಳೂರಿನಿಂದ ಯೂರೋಪಿಗೆ ಹೊರಟ ಕಾಫಿ ಆಫ್ರಿಕದ ತುದಿ ಸುತ್ತಿಕೊಂಡು ತಿಂಗಳುಗಟ್ಟಲೆ ಪ್ರಯಾಣ ಮಾಡುತ್ತಿತ್ತು. ಮರದ ಹಡಗಿನ ಹೊಟ್ಟೆಯಲ್ಲಿ ಉಪ್ಪುಗಾಳಿ, ಸೆಕೆ, ತೇವ ಕುಡಿದ ಬೀಜ ಉಬ್ಬಿ, ಹಸಿರು ಬಣ್ಣ ಕಳೆದುಕೊಂಡು ಹೊಂಬಣ್ಣಕ್ಕೆ ತಿರುಗುತ್ತಿತ್ತು. ಹುಳಿ ಕಳೆದ ಆ ಮೆದು ರುಚಿಗೆ ಅಲ್ಲಿನವರ ನಾಲಿಗೆ ಒಗ್ಗಿಹೋಗಿತ್ತು.

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿ ಹಡಗುಗಳು ಬಂದವು. ಪ್ರಯಾಣ ಮೊಟಕಾಗಿ ಕಾಫಿ ಹಸಿರಾಗಿಯೇ ತಲುಪತೊಡಗಿತು. ಹಳೆಯ ರುಚಿ ಬೇಕೆಂದು ಕೊಳ್ಳುವವರು ಕೇಳಿದಾಗ ಕರಾವಳಿಯ ವ್ಯಾಪಾರಿಗಳು ಹಡಗಿನ ಹವೆಯನ್ನು ಗೋದಾಮಿನಲ್ಲೇ ಸೃಷ್ಟಿಸಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡುವ ಗೋದಾಮುಗಳಲ್ಲಿ ಕಾಫಿ ಹರವಿ, ಕೆದಕಿ, ಸಡಿಲವಾಗಿ ಚೀಲಕ್ಕೆ ತುಂಬಿ, ಮಳೆಗಾಲದ ಗಾಳಿ ಕುಡಿಸುವ ಪದ್ಧತಿ ಬೆಳೆಯಿತು. ಇಂದು ‘ಮಾನ್ಸೂನ್ಡ್ ಮಲಬಾರ್’ ಎಂದು ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿರುವ ಕಾಫಿ ಇದೇ. ಬೀಜ ನೋಡಲು ಗುಂಡು ಗುಂಡಾಗಿರುತ್ತದೆ. ಆದರೆ ಅದೇ ಅಳತೆಯ ಪಾತ್ರೆಗೆ ಸಾಮಾನ್ಯ ಬೀಜ ತುಂಬಿದಾಗ ಬರುವಷ್ಟು ತೂಕ ಇದಕ್ಕೆ ಬರುವುದಿಲ್ಲ.

ಮಣದಿಂದ ಪಾಯಿಂಟಿಗೆ

ಕಾಫಿಯ ತೂಕದ ಮೇಲೆ ಮೊದಲು ಕೈ ಹಾಕಿದ್ದು ಸರ್ಕಾರ. ಮೈಸೂರು ಸಂಸ್ಥಾನದಲ್ಲಿ ಒಂದು ಕಾಲಕ್ಕೆ ಬೆಳೆದ ಕಾಫಿಯ ಅರ್ಧ ಪಾಲು ಸರ್ಕಾರಕ್ಕೆ ಸಲ್ಲಬೇಕಿತ್ತು. 19ನೇ ಶತಮಾನದಲ್ಲಿ ಅದರ ಜಾಗಕ್ಕೆ ಮಣಕ್ಕೆ ಇಷ್ಟು ಎಂಬ ‘ಹಾಲತ್’ ತೆರಿಗೆ ಬಂತು. ಮಣದ ತೂಕವೇ ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದ ಕಾಲವದು. ಕೊನೆಗೆ ತೂಕದ ಗೊಡವೆ ಬಿಟ್ಟು ಎಕರೆ ಲೆಕ್ಕದಲ್ಲಿ ಕಂದಾಯ ಹಾಕಲಾಯಿತು. ಬೀಜ ತುಂಬಿದರೂ ಜೊಳ್ಳಾದರೂ ನೆಲದ ಅಳತೆ ಬದಲಾಗದಲ್ಲ!

ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿಹೋದಾಗ ಬೆಲೆ ಕುಸಿದು ಬೆಳೆಗಾರರು ಕಂಗಾಲಾದರು. 1942ರ ಕಾಫಿ ಕಾಯಿದೆ ಬಂದದ್ದು ಈ ಹಿನ್ನೆಲೆಯಲ್ಲಿ. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕು, ಮಂಡಳಿ ಹರಾಜು ಹಾಕಿ ಹಣವನ್ನು ಕಂತುಗಳಲ್ಲಿ ಕೊಡುತ್ತದೆ. ಎಲ್ಲರ ಕಾಫಿಯೂ ಒಂದೇ ರಾಶಿಗೆ ಸೇರಿದ ಮೇಲೆ ಯಾರದು ಎಷ್ಟು ಬೆಲೆಯದ್ದೆಂದು ಹೇಳುವುದು ಹೇಗೆ? ಅದಕ್ಕಾಗಿ ದರ್ಜೆಗೆ ಇಷ್ಟು ಎಂದು ‘ಪಾಯಿಂಟ್’ ಕೊಡುವ ಪದ್ಧತಿ ಬಂತು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಎಷ್ಟು ಬೀಜ ‘ಎ’ ಜರಡಿಯ ಮೇಲೆ ನಿಂತಿತು, ಎಷ್ಟು ಕೆಳಗೆ ಬಿತ್ತು ಎಂಬುದರ ಮೇಲೆ ಬೆಳೆಗಾರರ ಪಾಯಿಂಟು. ಪಾಯಿಂಟಿನ ಮೇಲೆ ಹಣ.

ಈ ವ್ಯವಸ್ಥೆಗೆ ಎರಡು ಮುಖವಿತ್ತು. ಸಣ್ಣ ಬೆಳೆಗಾರನಿಗೂ ದೊಡ್ಡ ಎಸ್ಟೇಟಿಗೂ ಒಂದೇ ಜರಡಿ, ಒಂದೇ ದರ. ಬೆಲೆ ಬಿದ್ದ ವರ್ಷ ಮಂಡಳಿಯ ಆಸರೆ ಇತ್ತು. ಆದರೆ ಕಾಫಿ ಒಪ್ಪಿಸಿ ಎಷ್ಟೋ ತಿಂಗಳು ಕಂತಿಗೆ ಕಾಯಬೇಕಿತ್ತು, ತಾನು ಬೆಳೆದದ್ದನ್ನು ತಾನೇ ಮಾರುವ ಹಕ್ಕಿರಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲಗೊಂಡ ಪೂಲ್ ಪದ್ಧತಿ 1996ರಲ್ಲಿ ಪೂರ್ತಿ ಕೊನೆಗೊಂಡಿತು.

ಆಮೇಲೆ ಬೆಳೆಗಾರರ ಕಣದ ಬಾಗಿಲಿಗೇ ವ್ಯಾಪಾರಿಗಳು ಬಂದರು. ಹಣ ಬೇಗ ಕೈಗೆ ಬಂತು. ಜೊತೆಗೆ ‘ಔಟ್‌ಟರ್ನ್’ ಎಂಬ ಮಾತು ಹಳ್ಳಿಹಳ್ಳಿಗೂ ಪರಿಚಯವಾಯಿತು. ಐವತ್ತು ಕೆಜಿ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬುದೇ ಔಟ್‌ಟರ್ನ್. ರೊಬಸ್ಟಾ ಚೆರ್ರಿಯಲ್ಲಿ ಸಾಮಾನ್ಯವಾಗಿ ಇದು 26ರಿಂದ 28ರ ಆಸುಪಾಸು. ವ್ಯಾಪಾರಿ ಚೀಲದಿಂದ ಒಂದು ಹಿಡಿ ಮಾದರಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ ಈ ಸಂಖ್ಯೆಯನ್ನು ಹೇಳುತ್ತಾನೆ.

ಈ ಸಂಖ್ಯೆಯಲ್ಲಿ ಏನಿದೆ? ಒಂದು ಪಾಯಿಂಟಿಗೆ 400 ರೂಪಾಯಿ ಎಂದು ಇಟ್ಟುಕೊಳ್ಳೋಣ. ಔಟ್‌ಟರ್ನ್ 28 ಬಂದರೆ ಚೀಲಕ್ಕೆ 11,200 ರೂಪಾಯಿ, 25 ಬಂದರೆ 10,000. ನೂರು ಚೀಲ ಬೆಳೆಯುವ ಒಬ್ಬ ಬೆಳೆಗಾರನಿಗೆ ವ್ಯತ್ಯಾಸ 1 ಲಕ್ಷದ 20 ಸಾವಿರ ರೂಪಾಯಿ. ಚೀಲದ ಹೊರತೂಕ ಎರಡರಲ್ಲೂ ಐವತ್ತೇ ಕೆಜಿ. ಹೂಮಳೆ ತಡವಾದದ್ದು, ಗೂಡು ಹಿಗ್ಗುವಾಗ ನೀರು ಸಾಲದೇ ಹೋದದ್ದು, ಹುಳು ಕೊರೆದದ್ದು, ಕಣದಲ್ಲಿ ಬಿಸಿಲು ಕೈಕೊಟ್ಟದ್ದು ಎಲ್ಲವೂ ಈ ಎರಡು ಮೂರು ಪಾಯಿಂಟಿನಲ್ಲಿ ಬಂದು ಕೂರುತ್ತವೆ. ಪೂಲ್ ಇದ್ದಾಗ ಬೀಜದ ಪರೀಕ್ಷೆ ದೂರದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಡೆಯುತ್ತಿತ್ತು, ಈಗ ಅಂಗಳದಲ್ಲೇ ಕಣ್ಣೆದುರಿಗೆ ನಡೆಯುತ್ತದೆ. ಆದರೆ ಆ ಒಂದು ಹಿಡಿಯನ್ನು ಚೀಲದ ಮೇಲಿನಿಂದ ತೆಗೆದರೋ ತಳದಿಂದ ತೆಗೆದರೋ ಎಂಬುದರ ಮೇಲೆ ವರ್ಷದ ದುಡಿಮೆಯ ಬೆಲೆ ಹೆಚ್ಚುಕಡಿಮೆಯಾಗಬಹುದು. ಹಲವು ಚೀಲಗಳಿಂದ, ಮೇಲಿಂದಲೂ ನಡುವಿನಿಂದಲೂ ಕೆಳಗಿಂದಲೂ ಮಾದರಿ ತೆಗೆದು ಬೆರೆಸಿ ನೋಡಿದರಷ್ಟೇ ಲೆಕ್ಕ ನ್ಯಾಯವಾದೀತು. ಮೊದಲೇ ತಾನೂ ಒಂದು ಹಿಡಿ ತೂಗಿ ನೋಡಿಟ್ಟುಕೊಂಡ ಬೆಳೆಗಾರನಿಗೆ ಚೌಕಾಸಿಯಲ್ಲಿ ಮಾತನಾಡುವ ಧೈರ್ಯ ಬರುತ್ತದೆ.

ಬೀಜದ ಕೊನೆಯ ತೂಕ ಇಳಿಯುವುದು ಹುರಿಯುವಾಗ. ನೂರು ಕೆಜಿ ಹಸಿ ಬೀಜ ಹುರಿದರೆ ಹದವನ್ನು ಅನುಸರಿಸಿ 80ರಿಂದ 86 ಕೆಜಿ ಉಳಿಯುತ್ತದೆ. ಬೀಜ ಉಬ್ಬಿ ದೊಡ್ಡದಾಗುತ್ತದೆ, ತೂಕ ಮಾತ್ರ ಕಡಿಮೆಯಾಗುತ್ತದೆ. ಹೀಗೆ ಒಂದು ಕೆಜಿ ಹುರಿದ ಕಾಫಿಗೆ ಏಳೆಂಟು ಸಾವಿರ ಬೀಜ, ಅಂದರೆ ನಾಲ್ಕು ಸಾವಿರದಷ್ಟು ಹಣ್ಣು ಬೇಕು. ಬೀಥೋವನ್‌ನ ಒಂದು ಬಟ್ಟಲಿಗೆ ಮೂವತ್ತು ಹಣ್ಣು. ಆ ಮೂವತ್ತನ್ನೂ ಯಾರೋ ಒಬ್ಬರು ಗಿಡದಿಂದ ಬೆರಳಲ್ಲಿ ಬಿಡಿಸಿರುತ್ತಾರೆ. ಅವುಗಳಲ್ಲಿ ಯಾವ ಎರಡೂ ಒಂದೇ ತೂಕದವಲ್ಲ. ಅಂಗಡಿಯಲ್ಲಿ ನೂರು ಗ್ರಾಂ ಪುಡಿ ಕಟ್ಟಿಸಿಕೊಳ್ಳುವವರಿಗೆ ತಕ್ಕಡಿ ಪ್ರತಿ ಸಲವೂ ನೂರೇ ಗ್ರಾಂ ತೋರಿಸುತ್ತದೆ. ಅದರೊಳಗೆ ಎಷ್ಟು ಬೀಜವಿತ್ತು ಎಂಬುದು ಗೊತ್ತಿರುವುದು ಆ ವರ್ಷದ ಮಳೆಗೆ, ಹಣ್ಣು ಬಿಡಿಸಿದ ಬೆರಳಿಗೆ.